ಜಿಪಿಎಸ್ ಕೈಯಲ್ಲಿದೆ, ಯಾವ ನಕ್ಷೆ ಹಾಕೋಣ?

ಮಕ್ಕಳೇ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಅಂಬಾರಗೋಡ್ಲು ಎಂಬ ಊರಿದೆ. ಅಲ್ಲಿಯ ದಡದಲ್ಲಿ ನಿಂತರೆ ಎದುರಿಗೆ ವಿಶಾಲವಾದ ನೀರು ಕಾಣುತ್ತದೆ. ಅದು ಶರಾವತಿ ನದಿಯ ಹಿನ್ನೀರು. ಆಚೆ ದಡದಲ್ಲಿ ಕಳಸವಳ್ಳಿ ಇದೆ. ಈ ಕಡೆಯಿಂದ ಸಿಗಂದೂರಿಗೆ ಹೋಗುವವರು ಈ ನೀರನ್ನು ದಾಟಲೇಬೇಕು.

ನಿಮ್ಮ ಕೈಯಲ್ಲಿ ಒಂದು ಪುಟ್ಟ ಜಿಪಿಎಸ್ ಗ್ರಾಹಕ ಇದೆ ಎಂದುಕೊಳ್ಳಿ. ಅರಣ್ಯ ಸಿಬ್ಬಂದಿ, ಭೂಮಾಪಕರು ಮತ್ತು ಚಾರಣಿಗರು ಇಂತಹ ಉಪಕರಣವನ್ನು ಬಳಸುತ್ತಾರೆ. ನಿಮ್ಮ ಗ್ರಾಹಕದಲ್ಲಿ ನಕ್ಷೆಯನ್ನು ಹಾಕಿಲ್ಲ. ಕಳಸವಳ್ಳಿಯ ಅಕ್ಷಾಂಶ, ರೇಖಾಂಶಗಳನ್ನು ಅದಕ್ಕೆ ಕೊಟ್ಟು "ಅಲ್ಲಿಗೆ ದಾರಿ ತೋರಿಸು" ಎಂದು ಕೇಳುತ್ತೀರಿ. ಪರದೆಯ ಮೇಲೆ ಒಂದು ಬಾಣ ಮೂಡುತ್ತದೆ. ಪಕ್ಕದಲ್ಲಿ ದೂರ ಎಷ್ಟೆಂದು ಬರುತ್ತದೆ. ಬಾಣದ ದಿಕ್ಕೂ ಸರಿ, ದೂರವೂ ಸರಿ. ಆದರೆ ಬಾಣವನ್ನೇ ನಂಬಿ ನಡೆದರೆ ಏನಾಗುತ್ತದೆ? ನೇರವಾಗಿ ನೀರಿಗೆ ಇಳಿಯುತ್ತೀರಿ!

ಹಾಗಾದರೆ ಜಿಪಿಎಸ್ ಸುಳ್ಳು ಹೇಳಿತೇ? ಇಲ್ಲ. ನೀರು ಎಲ್ಲಿದೆ, ನೆಲ ಎಲ್ಲಿದೆ ಎಂಬುದು ಅದಕ್ಕೆ ತಿಳಿದೇ ಇಲ್ಲ. ಅದನ್ನು ತಿಳಿಸುವುದು ನಕ್ಷೆಯ ಕೆಲಸ. ಆದ್ದರಿಂದ ಗ್ರಾಹಕವನ್ನು ಕೊಂಡರೆ ಸಾಲದು, ಅದಕ್ಕೆ ತಕ್ಕ ನಕ್ಷೆಯನ್ನೂ ನಕ್ಷೆಯ ತಂತ್ರಾಂಶವನ್ನೂ ಆರಿಸಿಕೊಳ್ಳಬೇಕು. ಹೇಗೆ? ತಿಳಿಯೋಣ ಬನ್ನಿ.

ಉಪಗ್ರಹ ಏನು ಹೇಳುತ್ತದೆ?

ಜಿಪಿಎಸ್ ಎಂದರೆ ಗ್ಲೋಬಲ್ ಪೊಸಿಷನಿಂಗ್ ಸಿಸ್ಟಮ್. ಇದು ಅಮೆರಿಕ ದೇಶದ ವ್ಯವಸ್ಥೆ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಇದರ ಉಪಗ್ರಹಗಳು ಸುತ್ತುತ್ತಿರುತ್ತವೆ. ಕನಿಷ್ಠ 24 ಉಪಗ್ರಹಗಳು ಸದಾ ಕೆಲಸ ಮಾಡುವಂತೆ ಈ ವ್ಯವಸ್ಥೆಯನ್ನು ರೂಪಿಸಿದ್ದಾರೆ. "ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಎಂದು ಪ್ರತಿಯೊಂದು ಉಪಗ್ರಹವೂ ರೇಡಿಯೊ ಅಲೆಗಳ ಮೂಲಕ ಸಾರುತ್ತಿರುತ್ತದೆ. ಈ ಅಲೆಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಚಲಿಸುತ್ತವೆ. ಅಲೆ ಬಂದು ಮುಟ್ಟಲು ಹಿಡಿದ ಸಮಯದಿಂದ ಗ್ರಾಹಕವು ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಹೀಗೆ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನೀವಿರುವ ಸ್ಥಳದ ಅಕ್ಷಾಂಶ, ರೇಖಾಂಶ ಮತ್ತು ಎತ್ತರ ತಿಳಿಯುತ್ತವೆ. ಬಯಲಿನಲ್ಲಿ ನಿಂತರೆ ಕೆಲವೇ ಮೀಟರುಗಳಷ್ಟು ವ್ಯತ್ಯಾಸ ಬರಬಹುದು. ದಟ್ಟ ಕಾಡಿನಲ್ಲಿ, ಆಳವಾದ ಕಣಿವೆಯಲ್ಲಿ ವ್ಯತ್ಯಾಸ ಹೆಚ್ಚುತ್ತದೆ.

ಉಪಗ್ರಹಗಳಿಂದ ನಮಗೆ ಸಿಗುವುದು ಇಷ್ಟೇ, ಕೆಲವು ಸಂಖ್ಯೆಗಳು. ಹಳ್ಳ, ಗುಡ್ಡ, ರಸ್ತೆ, ಸೇತುವೆ ಯಾವುದೂ ಆ ಸಂಕೇತದಲ್ಲಿ ಇರುವುದಿಲ್ಲ.

ಜಾಗ ಒಂದೇ, ನಕ್ಷೆ ಮೂರು

ಮತ್ತೆ ಅಂಬಾರಗೋಡ್ಲಿಗೆ ಬನ್ನಿ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅಣೆಕಟ್ಟು ಕಟ್ಟುವ ಮೊದಲು ತಯಾರಿಸಿದ ನಕ್ಷೆಯಲ್ಲಿ ಈ ಹಿನ್ನೀರು ಇರುವುದಿಲ್ಲ, ಬರೀ ನದಿ ಮತ್ತು ಅದರ ಕಣಿವೆ ಇರುತ್ತವೆ. ಅಣೆಕಟ್ಟಿನ ನಂತರದ ನಕ್ಷೆಯಲ್ಲಿ ಹಿನ್ನೀರು ಕಾಣುತ್ತದೆ. ಆಗ ಜನರು ಮತ್ತು ವಾಹನಗಳು ಲಾಂಚಿನಲ್ಲಿ ದಾಟುತ್ತಿದ್ದರು. 2025ರ ಜುಲೈ ತಿಂಗಳಲ್ಲಿ ಇಲ್ಲಿ ಸುಮಾರು ಎರಡೂವರೆ ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಅದಕ್ಕಿಂತ ಹಿಂದಿನ ನಕ್ಷೆಯನ್ನು ನಿಮ್ಮ ಗ್ರಾಹಕಕ್ಕೆ ಹಾಕಿದ್ದರೆ, ಸೇತುವೆಯ ಮೇಲೆ ನಡೆಯುತ್ತಿರುವ ನೀವು ಪರದೆಯಲ್ಲಿ ನೀರಿನ ನಡುವೆ ಇರುವಂತೆ ಕಾಣುತ್ತೀರಿ!

ಮೂರು ನಕ್ಷೆಗಳಲ್ಲಿಯೂ ಅಕ್ಷಾಂಶ, ರೇಖಾಂಶ ಬದಲಾಗಲಿಲ್ಲ. ಬದಲಾದದ್ದು ನೆಲದ ಮೇಲಿನ ಸಂಗತಿ. ಆದ್ದರಿಂದ ನಕ್ಷೆಯನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವ ವರ್ಷದ ನಕ್ಷೆ?

ಚಿತ್ರವೋ, ಗೆರೆಯೋ?

ಗ್ರಾಹಕಕ್ಕೆ ಹಾಕುವ ನಕ್ಷೆಗಳಲ್ಲಿ ಎರಡು ಬಗೆ. ಕಾಗದದ ನಕ್ಷೆಯ ಫೋಟೋ ತೆಗೆದಂತೆ ಇರುವುದು ಒಂದು ಬಗೆ. ಇದನ್ನು ರಾಸ್ಟರ್ ನಕ್ಷೆ ಎನ್ನುತ್ತಾರೆ. ಬಹಳ ಹಿಗ್ಗಿಸಿ ನೋಡಿದರೆ ಇದು ಚೌಕಚೌಕವಾಗಿ ಮಸುಕಾಗುತ್ತದೆ. ಇನ್ನೊಂದು ವೆಕ್ಟರ್ ನಕ್ಷೆ. ಇದರಲ್ಲಿ ರಸ್ತೆ, ಹೊಳೆ, ಊರುಗಳನ್ನು ಬಿಂದು ಮತ್ತು ಗೆರೆಗಳ ರೂಪದಲ್ಲಿ, ಹೆಸರಿನೊಂದಿಗೆ ಇಟ್ಟಿರುತ್ತಾರೆ. ಎಷ್ಟು ಹಿಗ್ಗಿಸಿದರೂ ಗೆರೆ ಸ್ಪಷ್ಟವಾಗಿರುತ್ತದೆ. ಊರಿನ ಹೆಸರು ಹೇಳಿ ಹುಡುಕಬಹುದು. ಉಪಕರಣದ ನೆನಪಿನಲ್ಲಿ ಸಾಮಾನ್ಯವಾಗಿ ಕಡಿಮೆ ಜಾಗ ಸಾಕು.

ಕೆಲಸವನ್ನೂ ನೋಡಬೇಕು. ವಾಹನ ನಡೆಸುವವರಿಗೆ ರಸ್ತೆಗಳ ನಕ್ಷೆ ಸಾಕು. ಗುಡ್ಡ ಹತ್ತುವವರಿಗೆ ಸಮೋನ್ನತ ರೇಖೆಗಳು ಬೇಕು. ಸಮಾನ ಎತ್ತರದ ಸ್ಥಳಗಳನ್ನು ಸೇರಿಸುವ ಈ ರೇಖೆಗಳು ಒತ್ತಾಗಿದ್ದರೆ ಅಲ್ಲಿ ಕಡಿದಾದ ಇಳಿಜಾರು ಇದೆ ಎಂದು ಅರ್ಥ. ಇವಿಲ್ಲದ ನಕ್ಷೆಯಲ್ಲಿ ಪ್ರಪಾತವೂ ಆಟದ ಮೈದಾನದಂತೆ ಸಪಾಟಾಗಿ ಕಾಣುತ್ತದೆ.

ಅಳತೆ ಹೊಂದಬೇಕು

ಭೂಮಿ ಪೂರ್ತಿ ದುಂಡಗಿಲ್ಲ. ಅದರ ಆಕಾರವನ್ನು ಲೆಕ್ಕಕ್ಕೆ ಹಿಡಿಯಲು ಬೇರೆ ಬೇರೆ ಮಾದರಿಗಳಿವೆ. ಭಾರತದ ಹಳೆಯ ಸರ್ವೆ ನಕ್ಷೆಗಳು 1830ರಲ್ಲಿ ಜಾರ್ಜ್ ಎವರೆಸ್ಟ್ ಲೆಕ್ಕ ಹಾಕಿದ ಮಾದರಿಯನ್ನು ಆಧರಿಸಿವೆ. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಮಾದರಿಯನ್ನು. ಇವೆರಡನ್ನು ಹೊಂದಿಸದೆ ಬಳಸಿದರೆ ನಮ್ಮ ರಾಜ್ಯದಲ್ಲಿ ನಿಮ್ಮ ಜಾಗವು ನಕ್ಷೆಯಲ್ಲಿ ನೂರು ಮೀಟರಿಗೂ ಹೆಚ್ಚು ಸರಿದು ಕಾಣಬಹುದು. ಒಳ್ಳೆಯ ತಂತ್ರಾಂಶದಲ್ಲಿ ಮಾದರಿಯನ್ನು ಬದಲಿಸುವ ಸೌಲಭ್ಯ ಇರುತ್ತದೆ.

ಇನ್ನೊಂದು ಲೆಕ್ಕ ಮಾಡಿ ನೋಡಿ. ಕಾಡಿನಲ್ಲಿ ದಾರಿ ತಪ್ಪಿದವರೊಬ್ಬರು ಸಹಾಯಕ್ಕೆ ಫೋನ್ ಮಾಡಿ, ತಾವಿರುವ ಅಕ್ಷಾಂಶ 14 ಡಿಗ್ರಿ 30 ನಿಮಿಷ ಎಂದು ಹೇಳಿದರು. ಹುಡುಕುವವರು ಅದನ್ನು 14.30 ಎಂದು ತಮ್ಮ ಉಪಕರಣಕ್ಕೆ ಕೊಟ್ಟರು. ಒಂದು ಡಿಗ್ರಿಗೆ 60 ನಿಮಿಷ. ಆದ್ದರಿಂದ 14.30 ಡಿಗ್ರಿ ಎಂದರೆ 14 ಡಿಗ್ರಿ 18 ನಿಮಿಷ! ವ್ಯತ್ಯಾಸ 12 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಸುಮಾರು 1.85 ಕಿ.ಮೀ. ದೂರ. ಅಂದರೆ ಹುಡುಕುವವರು ಸುಮಾರು 22 ಕಿ.ಮೀ. ಆಚೆ ಹುಡುಕುತ್ತಿರುತ್ತಾರೆ. ಉಪಕರಣ ಕೆಟ್ಟಿಲ್ಲ, ಉಪಗ್ರಹವೂ ತಪ್ಪಿಲ್ಲ. ಬರೆಯುವ ಕ್ರಮ ಹೊಂದಲಿಲ್ಲ, ಅಷ್ಟೇ. ಸರಿಯಾಗಿ ಬರೆಯುವುದಾದರೆ ಅದು 14.50 ಆಗಬೇಕಿತ್ತು.

ಆರಿಸುವ ಮುನ್ನ ಕೇಳಿ

1. ನಕ್ಷೆಯನ್ನು ಯಾರು ಮಾಡಿದರು? ಯಾವ ವರ್ಷ ಮಾಡಿದರು?
2. ನಮ್ಮ ಕೆಲಸಕ್ಕೆ ಬೇಕಾದ ವಿವರಗಳು ಅದರಲ್ಲಿ ಇವೆಯೇ?
3. ನಮ್ಮ ಗ್ರಾಹಕವು ಈ ನಕ್ಷೆಯ ಕಡತವನ್ನು ಓದಬಲ್ಲದೇ? ಎಲ್ಲ ಗ್ರಾಹಕಗಳೂ ಎಲ್ಲ ಬಗೆಯ ಕಡತಗಳನ್ನು ಓದುವುದಿಲ್ಲ.
4. ನಕ್ಷೆಯನ್ನು ಉಪಕರಣದೊಳಗೇ ಇಟ್ಟುಕೊಳ್ಳಬಹುದೇ? ಉಪಗ್ರಹದ ಸಂಕೇತ ಪಡೆಯಲು ಮೊಬೈಲ್ ಗೋಪುರ ಬೇಡ. ಆದರೆ ನಕ್ಷೆ ಇಂಟರ್ನೆಟ್ಟಿನಿಂದಲೇ ಬರಬೇಕಾದರೆ ಕಾಡಿನಲ್ಲಿ ಪರದೆ ಖಾಲಿಯಾಗಿ ಉಳಿಯುತ್ತದೆ.
5. ಭೂಮಿಯ ಮಾದರಿ ಮತ್ತು ಡಿಗ್ರಿ ಬರೆಯುವ ಕ್ರಮವನ್ನು ಹೊಂದಿಸಬಹುದೇ?

ನಕ್ಷೆ ಮಾಡುವವರು ಯಾರು?

ನಮ್ಮ ದೇಶದಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆ 1767ರಿಂದ ಈ ಕೆಲಸ ಮಾಡುತ್ತಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಯೋಜನೆ ಆರಂಭವಾಯಿತು. ಇದಕ್ಕೆ ಜಗತ್ತಿನ ಸಾಮಾನ್ಯ ಜನರೇ ತಮ್ಮ ಊರಿನ ವಿವರಗಳನ್ನು ಸೇರಿಸುತ್ತಾರೆ. ಯಾರೂ ಸೇರಿಸದ ಊರು ಅದರಲ್ಲಿ ಖಾಲಿಯಾಗಿಯೇ ಇರುತ್ತದೆ. ನಕ್ಷೆಯಲ್ಲಿ ಗೆರೆ ಇಲ್ಲ ಎಂದ ಮಾತ್ರಕ್ಕೆ ದಾರಿ ಇಲ್ಲ ಎನ್ನುವಂತಿಲ್ಲ. ಗೆರೆ ಇದೆ ಎಂದ ಮಾತ್ರಕ್ಕೆ ದಾರಿ ಇದೆ ಎಂದೂ ನಂಬುವಂತಿಲ್ಲ. ಆದ್ದರಿಂದ ಪರದೆಯನ್ನೂ ನೋಡಿ, ಸುತ್ತಲಿನ ನೆಲವನ್ನೂ ನೋಡಿ, ಆ ಊರಿನವರನ್ನೂ ಕೇಳಿ.

ಮಾಡಿ ನೋಡಿ

ನಿಮ್ಮ ಶಾಲೆಯ ಸುತ್ತಲಿನ ನಕ್ಷೆಯನ್ನು ಇಬ್ಬರು ಬೇರೆ ಬೇರೆಯಾಗಿ ಬರೆಯಿರಿ. ಬಾವಿ, ಕೆರೆ, ಕಾಲುದಾರಿ, ದೊಡ್ಡ ಮರಗಳನ್ನು ಗುರುತಿಸಿ. ಮೂಲೆಯಲ್ಲಿ ನಿಮ್ಮ ಹೆಸರು ಮತ್ತು ದಿನಾಂಕ ಬರೆಯಲು ಮರೆಯಬೇಡಿ. ಎರಡನ್ನೂ ಹೋಲಿಸಿ. ಒಬ್ಬರು ಬರೆದದ್ದು ಇನ್ನೊಬ್ಬರಲ್ಲಿ ಏಕೆ ಇಲ್ಲ? ಚರ್ಚಿಸಿ. ನಕ್ಷೆಗಳನ್ನು ಜೋಪಾನವಾಗಿಟ್ಟು ಮುಂದಿನ ವರ್ಷ ಅದೇ ದಾರಿಯಲ್ಲಿ ನಡೆದು ನೋಡಿ. ಏನೇನು ತಿದ್ದಬೇಕಾಗುತ್ತದೆ ಎಂದು ಪಟ್ಟಿ ಮಾಡಿ.