ಸುಡೊಕು: ಸುಳಿವಿನ ಗುಂಡಿಯನ್ನು ಆಫ್ ಮಾಡಿ ಆಡಿ

ರಾಮನಗರ, ಚನ್ನಪಟ್ಟಣಗಳಿಂದ ಬೆಳಗಿನ ರೈಲು ಹಿಡಿದು, ಕನಕಪುರ, ಮಾಗಡಿಗಳಿಂದ ಬಸ್ಸು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರ ದಾರಿಯ ಬಿಡುವು ಬಹುಪಾಲು ಮೊಬೈಲಿಗೇ ಹೋಗುತ್ತದೆ. ಆ ಬಿಡುವಿಗೆ ಸುಡೊಕುವಿನಷ್ಟು ಚೆನ್ನಾಗಿ ಒಗ್ಗುವ ಆಟ ಕಡಿಮೆ. ಪತ್ರಿಕೆಯಲ್ಲಿ ಪದಬಂಧದ ಜೊತೆ ದಿನಕ್ಕೊಂದು ಸಿಗುತ್ತಿದ್ದದ್ದು ಈಗ ಫೋನಿನಲ್ಲಿ ಪುಕ್ಕಟೆಯಾಗಿ, ಬೇಕಾದಷ್ಟು ಸಿಗುತ್ತದೆ. ಆದರೆ ಕಾಗದದಿಂದ ಪರದೆಗೆ ಬರುವಾಗ ಎರಡು ಸೌಲಭ್ಯಗಳು ಅದಕ್ಕೆ ಅಂಟಿಕೊಂಡವು: ತಪ್ಪು ಅಂಕಿಯನ್ನು ಆ ಕ್ಷಣವೇ ಕೆಂಪಾಗಿ ತೋರಿಸುವುದು ಒಂದು, ಸುಳಿವು ಕೊಡುವುದು ಇನ್ನೊಂದು. ಇವೆರಡನ್ನೂ ಆಫ್ ಮಾಡಿ ಆಡಿದರೆ ಮಾತ್ರ ಅದು ಸುಡೊಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಏಕೆಂದರೆ ಈ ಆಟದ ಜೀವ ಇರುವುದು 81 ಮನೆಗಳನ್ನು ತುಂಬುವುದರಲ್ಲಲ್ಲ, ಪ್ರತಿ ಮನೆಗೂ ಕಾರಣ ಹುಡುಕುವುದರಲ್ಲಿ. ಪ್ರತಿ ಅಡ್ಡಸಾಲಿನಲ್ಲಿ, ಪ್ರತಿ ಕಂಬಸಾಲಿನಲ್ಲಿ, ಒಂಬತ್ತು ಮನೆಗಳ ಪ್ರತಿ ಚೌಕದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕೆಂಬುದು ನಿಯಮ. ಆಟದ ಮೇಲ್ಭಾಗದ ಮೂರು ಚೌಕಗಳನ್ನು ನೋಡಿ. ಮೊದಲ ಚೌಕದಲ್ಲಿ 7 ಮೊದಲ ಸಾಲಿನಲ್ಲಿದೆ, ಎರಡನೆಯದರಲ್ಲಿ ಎರಡನೇ ಸಾಲಿನಲ್ಲಿದೆ. ಹಾಗಾದರೆ ಮೂರನೇ ಚೌಕದ 7 ಮೂರನೇ ಸಾಲಿಗೇ ಬರಬೇಕು. ಅಲ್ಲಿ ಒಂದೇ ಮನೆ ಖಾಲಿಯಿದ್ದರೆ ಅದು 7ರದ್ದೇ. ಇದರಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಗಣಿತವೆಂದರೆ ಹೆದರುವವರೂ ಆಡಬಹುದು. ಸರಿಯಾದ ಸುಡೊಕುವಿಗೆ ಒಂದೇ ಉತ್ತರ. ಆ ಒಂದು ಉತ್ತರವನ್ನು ಗೊತ್ತುಮಾಡಲು ಕನಿಷ್ಠ 17 ಅಂಕಿಗಳಾದರೂ ಮೊದಲೇ ಇರಬೇಕೆಂದು ಡಬ್ಲಿನ್ನಿನ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ತಂಡ 2012ರಲ್ಲಿ ಕಂಪ್ಯೂಟರಿನಿಂದ ಸಾಧಿಸಿ ತೋರಿಸಿತು. ನಿಯಮ ಮುರಿಯದೆ 81 ಮನೆಗಳನ್ನು ತುಂಬಬಹುದಾದ ಬಗೆಗಳ ಒಟ್ಟು ಸಂಖ್ಯೆ 22 ಅಂಕಿಗಳಷ್ಟು ದೊಡ್ಡದು. ಅಷ್ಟರ ನಡುವಿನಿಂದ ಒಂದನ್ನು ಬರೀ ತರ್ಕದಿಂದ ಹೊರತೆಗೆಯುವುದೇ ಇಲ್ಲಿಯ ಸೊಗಸು. ಕೆಂಪು ಗುರುತು ಇದ್ದರೆ ಯಾವ ಮನೆಗೂ ಹೆಚ್ಚೆಂದರೆ ಒಂಬತ್ತು ಸಲ ಅಂಕಿ ಒತ್ತಿದರೆ ಸಾಕು, ಯೋಚಿಸುವ ಗೋಜೇ ಇಲ್ಲ.

ಹೊಸಬರಿಗೆ ಸುಳಿವು ಗುರುವಿನಂತೆ ಅಲ್ಲವೇ ಎಂದು ಕೇಳಬಹುದು. ಯಾವ ಸಾಲು, ಯಾವ ಚೌಕ ನೋಡಬೇಕೆಂದು ಕಾರಣ ಸಮೇತ ಹೇಳುವ ಸುಳಿವಾದರೆ ಖಂಡಿತ ಹೌದು. ಬರೀ ಅಂಕಿ ತುಂಬಿಕೊಡುವ ಸುಳಿವು ಏನನ್ನೂ ಕಲಿಸುವುದಿಲ್ಲ. ಇನ್ನು ಸುಡೊಕುವಿನಿಂದ ಮೆದುಳು ಚುರುಕಾಗುತ್ತದೆ, ಮುಪ್ಪಿನ ಮರೆವು ದೂರವಾಗುತ್ತದೆ ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. 1936ರಲ್ಲಿ ಹುಟ್ಟಿದ 498 ಮಂದಿಯನ್ನು ಗಮನಿಸಿದ ಸ್ಕಾಟ್ಲೆಂಡಿನ ಅಧ್ಯಯನವೊಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬುದ್ಧಿಗೆ ಕೆಲಸ ಕೊಡುವ ಹವ್ಯಾಸ ಇದ್ದವರಲ್ಲಿ ವಯಸ್ಸಿನ ಇಳಿತವೇನೂ ನಿಧಾನವಾಗಲಿಲ್ಲ; ಆದರೆ ಅವರು ಇಳಿಯಲು ಆರಂಭಿಸಿದ ಮಟ್ಟ ಮೇಲಿತ್ತು. ಆ ಮೇಲಿನ ಮಟ್ಟ ಹವ್ಯಾಸದಿಂದಲೇ ಬಂತು ಎಂದೂ ಅಧ್ಯಯನ ಹೇಳುವುದಿಲ್ಲ. ಔಷಧಿಯೆಂದು ಆಡಬೇಕಿಲ್ಲ, ಯೋಚಿಸುವ ಸುಖಕ್ಕೆ ಆಡಿದರೆ ಸಾಕು.

ಮೊಬೈಲ್ ಆಟವೆಂದರೆ ಜೂಜು ಎಂಬ ಭಯ ಮನೆಮನೆಯಲ್ಲೂ ಇದೆ. ಹಣ ಕಳೆದುಕೊಂಡವರ ಸುದ್ದಿ ಕೇಳಿದ ಮೇಲೆ ಅದು ಸಹಜ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿತು, ಜಾಣ್ಮೆಯ ಆಟವೆಂಬ ನೆಪಕ್ಕೂ ಅದರಲ್ಲಿ ವಿನಾಯಿತಿ ಇಲ್ಲ. ಪಣವಿಲ್ಲದ ಸುಡೊಕು ಆ ಸಾಲಿಗೆ ಸೇರುವುದಿಲ್ಲ.

ಉಳಿಯುವುದು ಚಿಕ್ಕ ಮಕ್ಕಳ ಮಾತು. ಅವರ ಕೈಗೆ ಫೋನು ಕೊಡಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಈ ಆಟಕ್ಕೆ ಅಂಕಿಯೂ ಅನಿವಾರ್ಯವಲ್ಲ. ಬೇರೆಬೇರೆಯಾಗಿ ಕಾಣುವ ಒಂಬತ್ತು ವಸ್ತುಗಳಿದ್ದರೆ ಆಯಿತು. ಆಲೆ ಮರ ಕಡೆದು, ಅರಗಿನ ಬಣ್ಣ ಹಿಡಿಸುವ ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಒಂಬತ್ತು ಬಣ್ಣಗಳ ಗೂಟಗಳು, ಬಣ್ಣಕ್ಕೆ ಒಂಬತ್ತರಂತೆ ಒಟ್ಟು 81, ದೊಡ್ಡ ಕೆಲಸವಲ್ಲ. ಅವನ್ನು ನೆಡಲು 81 ಗುಳಿಗಳ ಹಲಗೆಯೊಂದನ್ನು ಚನ್ನಪಟ್ಟಣವಿರುವ ಜಿಲ್ಲೆಯ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಕೊಡಬಹುದು. ಅದರಲ್ಲಿ ಸುಳಿವಿನ ಗುಂಡಿ ಇರುವುದಿಲ್ಲ. ತಪ್ಪಾಯಿತೆಂದು ಹೇಳಬೇಕಾದವರು ಪಕ್ಕದಲ್ಲಿ ಕೂತ ಗೆಳೆಯರು, ಅದೂ ಕಾರಣ ಕೊಟ್ಟು.