ಬಲಿಪೀಠದ ಹೂವು ಮಣ್ಣಿಗೆ ಮರಳಲಿ

ಹಬ್ಬದ ಮರುದಿನ ದೇವಾಲಯದ ಹಿತ್ತಿಲಿನಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಿಂದೊಂದು ಕಾಲದಲ್ಲಿ ಅಲ್ಲಿ ಬಾಡಿದ ಹೂ, ಮಾವಿನೆಲೆ, ತೆಂಗಿನ ಗರಿ ಹಾಗೂ ಬಾಳೆದಿಂಡು ಇರುತ್ತಿದ್ದವು. ಅದರಲ್ಲಿ ಒಂದಿಷ್ಟು ದನಗಳಿಗೆ ಮೇವಾಗುತ್ತಿತ್ತು. ಉಳಿದದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಇಂದು ಅನೇಕ ಕಡೆಗಳಲ್ಲಿ ಅದೇ ಜಾಗದಲ್ಲಿ ಹಸಿರು ಸ್ಪಂಜಿನ ಇಟ್ಟಿಗೆಗಳು, ಥರ್ಮೋಕೋಲಿನ ಚೂರುಗಳು, ಪ್ಲಾಸ್ಟಿಕ್ ರಿಬ್ಬನ್ನುಗಳು ಬಿದ್ದಿರುತ್ತವೆ. ಮುಂದಿನ ವರ್ಷದ ಹಬ್ಬ ಬಂದಾಗಲೂ ಅವು ಹಾಗೆಯೇ ಇರುತ್ತವೆ. ದೇವರಿಗೆ ಅರ್ಪಿಸಿದೆವು ಎಂದು ನಾವು ಹೇಳಿಕೊಳ್ಳುವ ವಸ್ತುಗಳ ಗತಿ ಇದಾದರೆ, ಅರ್ಪಣೆ ಎಂಬ ಮಾತಿನ ಅರ್ಥವನ್ನೇ ನಾವು ಮತ್ತೊಮ್ಮೆ ವಿಚಾರಿಸಬೇಕಾಗಿದೆ.

ಅರ್ಪಿಸುವುದೆಂದರೆ ಕೈಬಿಡುವುದು. ಕೊಟ್ಟದ್ದು ಮರಳಿ ನಮ್ಮ ಕೈಸೇರುವುದಿಲ್ಲ. ಗಿಡದಿಂದ ಕಿತ್ತ ಗಳಿಗೆಯಿಂದಲೇ ಹೂವು ತನ್ನ ಆಯುಷ್ಯವನ್ನು ವ್ಯಯಿಸತೊಡಗುತ್ತದೆ. ಅದರ ಪರಿಮಳವೂ ಬಣ್ಣವೂ ಆ ವ್ಯಯದ ಭಾಗಗಳೇ ಆಗಿವೆ. ಬೆಥಾನಿಯ ಮರಿಯಳು ಪ್ರಭು ಯೇಸುವಿನ ಪಾದಗಳಿಗೆ ಬೆಲೆಬಾಳುವ ಜಟಮಾಂಸಿ ತೈಲವನ್ನು ಸುರಿದಾಗ ಮನೆಯೆಲ್ಲ ಪರಿಮಳದಿಂದ ತುಂಬಿತೆಂದು ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಆ ತೈಲವನ್ನು ಮತ್ತೆ ಭರಣಿಗೆ ತುಂಬಿಸಿಡಲು ಸಾಧ್ಯವಿರಲಿಲ್ಲ. ಪ್ಲಾಸ್ಟಿಕ್ ಹೂವಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು ಬಾಡುವುದಿಲ್ಲ, ವರ್ಷವರ್ಷವೂ ಧೂಳು ಒರೆಸಿಕೊಂಡು ಅದೇ ಭಂಗಿಯಲ್ಲಿ ನಿಂತಿರುತ್ತದೆ. ಅದನ್ನು ಪ್ರದರ್ಶನದ ವಸ್ತುವೆನ್ನಬಹುದು, ಕಾಣಿಕೆಯೆಂದು ಕರೆಯುವುದು ಕಷ್ಟ.

ಈ ಸತ್ಯವನ್ನು ಧರ್ಮಸಭೆ ತನ್ನ ಪೂಜಾವಿಧಿಯಲ್ಲೇ ಇರಿಸಿಕೊಂಡಿದೆ. ಗರಿಗಳ ಭಾನುವಾರದಂದು ನಾವು ಕೈಯಲ್ಲಿ ಹಿಡಿದ ಗರಿಗಳು ಒಣಗುತ್ತವೆ. ಮುಂದಿನ ವರ್ಷ ಅವುಗಳನ್ನೇ ಸುಟ್ಟು ವಿಭೂತಿ ಬುಧವಾರದ ಬೂದಿಯನ್ನು ಸಿದ್ಧಪಡಿಸಲಾಗುತ್ತದೆ. ಜಯಘೋಷಕ್ಕೆ ಎತ್ತಿದ ಗರಿಯೇ ನಾವು ಮಣ್ಣೆಂಬುದನ್ನು ನೆನಪಿಸಲು ಹಣೆಗೆ ಬರುತ್ತದೆ. ಮಂತ್ರಿಸಿದ ವಸ್ತುಗಳು ಹಳತಾದಾಗ ಅವುಗಳನ್ನು ಸುಡಬೇಕು ಅಥವಾ ಹೂಳಬೇಕು ಎಂಬ ನಮ್ಮ ಹಿರಿಯರ ರೂಢಿಯ ಹಿಂದೆಯೂ ಇದೇ ವಿವೇಕವಿದೆ. ಸುಟ್ಟರೆ ವಿಷದ ಹೊಗೆಯಾಗುವ, ಹೂಳಿದರೆ ಕೊಳೆಯದ ವಸ್ತುವನ್ನು ನಾವು ಏನು ಮಾಡಬೇಕು?

ಮೊದಲಿಗೆ ಆ ಹಸಿರು ಸ್ಪಂಜನ್ನೇ ತೆಗೆದುಕೊಳ್ಳೋಣ. ಹೂವಿನ ಅಂಗಡಿಗಳಲ್ಲಿ ಅದನ್ನು ‘ಓಯಸಿಸ್’ ಎಂದು ಕರೆಯುತ್ತಾರೆ. 1954ರಲ್ಲಿ ಅಮೆರಿಕದ ವೆರ್ನನ್ ಸ್ಮಿದರ್ಸ್ ಎಂಬುವರು ಇದನ್ನು ಬಳಕೆಗೆ ತಂದರು. ನೀರನ್ನು ಹೀರಿಕೊಂಡು ದಂಟುಗಳನ್ನು ಬೇಕಾದ ಕೋನದಲ್ಲಿ ಹಿಡಿದು ನಿಲ್ಲಿಸುವುದರಿಂದ ಅಲಂಕಾರ ಮಾಡುವವರಿಗೆ ಅದು ಬಹಳ ಅನುಕೂಲ. ಆದರೆ ಈ ಸಾಮಾನ್ಯ ಸ್ಪಂಜು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕಗಳಿಂದಾದ ಪ್ಲಾಸ್ಟಿಕ್. ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ, ಆ ಪುಡಿ ಮಣ್ಣಾಗುವುದಿಲ್ಲ. ಆಸ್ಟ್ರೇಲಿಯದ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇದರ ಸೂಕ್ಷ್ಮ ಕಣಗಳನ್ನು ಸಿಹಿನೀರಿನ ಹಾಗೂ ಕಡಲಿನ ಸಣ್ಣ ಜೀವಿಗಳು ನುಂಗುತ್ತವೆ. ಕಣಗಳಿಂದ ಹೊರಬರುವ ರಾಸಾಯನಿಕಗಳೂ ಅವುಗಳಿಗೆ ಹಾನಿಕರ. ಬಕೆಟಿನಲ್ಲಿ ಉಳಿದ ಹಸಿರು ನೀರನ್ನು ಚರಂಡಿಗೆ ಚೆಲ್ಲುವಾಗ ನಾವು ಏನನ್ನು ಚೆಲ್ಲುತ್ತೇವೆ ಎಂಬುದನ್ನು ಅರಿಯಬೇಕು. ನಮ್ಮ ಕರಾವಳಿಯ ಚರಂಡಿಗಳು ಕೊನೆಗೆ ಸೇರುವುದು ಹೊಳೆಗೆ, ಹೊಳೆ ಸೇರುವುದು ಕಡಲಿಗೆ.

ಥರ್ಮೋಕೋಲಿನ ವಿಷಯದಲ್ಲಂತೂ ಚರ್ಚೆಗೆ ಅವಕಾಶವೇ ಇಲ್ಲ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್ಸ್ ಹಾಗೂ ಫ್ಲೆಕ್ಸುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರಕಾರ ದೇಶದಾದ್ಯಂತ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಅಲಂಕಾರಕ್ಕೆ ಬಳಸುವ ಥರ್ಮೋಕೋಲಿನ ಹೆಸರು ಸ್ಪಷ್ಟವಾಗಿ ಇದೆ. ದೇಶದ ಕಾನೂನು ಬೀದಿಯಲ್ಲಿ ಬೇಡವೆಂದು ಹೇಳಿದ್ದು ಬಲಿಪೀಠದ ಮುಂದೆ ಸಲ್ಲುವುದಾದರೂ ಹೇಗೆ?

ಹಾಗಾದರೆ ಅಲಂಕಾರವನ್ನೇ ಬಿಡಬೇಕೆ? ಖಂಡಿತ ಇಲ್ಲ. ಕೈಗಳು ಬಲ್ಲ ವಿಧಾನಗಳು ಅನೇಕವಿವೆ. ಗೊನೆ ಕಡಿದ ಮೇಲೆ ಬಾಳೆಗಿಡವನ್ನು ಹೇಗೂ ಕಡಿಯುತ್ತೇವೆ. ಅದರ ದಿಂಡನ್ನು ಬೇಕಾದ ಅಳತೆಗೆ ತುಂಡರಿಸಿ, ಬಿದಿರುಕಡ್ಡಿಯಿಂದ ತೂತು ಮಾಡಿ ಹೂವಿನ ದಂಟುಗಳನ್ನು ಸಿಕ್ಕಿಸಿದರೆ ದಿಂಡಿನ ತೇವವೇ ಹೂಗಳನ್ನು ಹಬ್ಬದ ದಿನದುದ್ದಕ್ಕೂ ಕಾಪಾಡುತ್ತದೆ. ಅಗಲ ಬಾಯಿಯ ಮಣ್ಣಿನ ಮಡಕೆಗೆ ಒದ್ದೆ ಮರಳು ತುಂಬಿದರೂ ಸಾಕು. ಕೋಳಿಗೂಡಿಗೆ ಬಳಸುವ ತಂತಿಬಲೆಯನ್ನು ಉಂಡೆಯಂತೆ ಮುದುಡಿ ಪಾತ್ರೆಯೊಳಗಿಟ್ಟು ನೀರು ತುಂಬಿದರೆ ಎತ್ತರದ ದಂಟುಗಳೂ ಅಲುಗದೆ ನಿಲ್ಲುತ್ತವೆ. ತೊಳೆದು ಒಣಗಿಸಿಟ್ಟರೆ ಅದೇ ಬಲೆ ಹಲವು ವರ್ಷ ಬಾಳುತ್ತದೆ. ಜಪಾನಿನವರು ಇದೇ ಕೆಲಸಕ್ಕೆ ಹಿತ್ತಾಳೆಯ ಮುಳ್ಳುಗಳಿರುವ ಭಾರದ ತಟ್ಟೆಯನ್ನು ಬಳಸುತ್ತಾರೆ. ಅವರ ಇಕೆಬಾನ ಕಲೆ ಬೌದ್ಧ ಮಂದಿರಗಳಲ್ಲಿ ಹೂವನ್ನು ಅರ್ಪಿಸುವ ಪದ್ಧತಿಯಿಂದ ಬೆಳೆದು ಬಂದದ್ದು ಎಂಬುದು ಗಮನಾರ್ಹ.

ಹೂವು ಬಾಳಿಕೆ ಬರಬೇಕಾದರೆ ಮುಂಜಾನೆಯ ತಂಪಿನಲ್ಲಿ ಕೊಯ್ಯಬೇಕು. ದಂಟನ್ನು ಓರೆಯಾಗಿ ಕತ್ತರಿಸಬೇಕು. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆಯಬೇಕು. ದಿನಕ್ಕೊಮ್ಮೆ ನೀರು ಬದಲಿಸಬೇಕು. ನೀರಿನಲ್ಲಿ ಎಲೆ ಕೊಳೆತರೆ ಸೂಕ್ಷ್ಮಜೀವಿಗಳು ಹೆಚ್ಚಿ ದಂಟು ನೀರೆಳೆಯುವ ದಾರಿ ಕಟ್ಟಿಹೋಗುತ್ತದೆ.

ಹೂವಿಗಾಗಿ ನಾವು ದೂರ ಹೋಗಬೇಕಾಗಿಯೂ ಇಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಉಡುಪಿ ಮಲ್ಲಿಗೆಯನ್ನು ಶಂಕರಪುರ, ಶಿರ್ವ ಮುಂತಾದ ಕಡೆಗಳಲ್ಲಿ ನಮ್ಮ ಅನೇಕ ಕುಟುಂಬಗಳು ಮನೆಯಂಗಳದಲ್ಲೇ ಬೆಳೆಯುತ್ತಿವೆ. ಸುಮಾರು 800 ಹೂಗಳು ಸೇರಿ ಒಂದು ಚೆಂಡು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಅದನ್ನು ಕಟ್ಟುವ ದಾರವೂ ಬಾಳೆಯ ನಾರೇ. ಹೂವೂ ನಾರೂ ಒಟ್ಟಿಗೇ ಮಣ್ಣಾಗುತ್ತವೆ. ಕಟ್ಟಿದ ಕೈಗಳ ಮನೆಯಲ್ಲಿ ಒಲೆ ಉರಿಯುತ್ತದೆ. ತೆಂಗಿನ ಸಿರಿ, ಅಡಿಕೆಯ ಹಿಂಗಾರ, ಮಾವಿನ ತೋರಣ, ಕೇಪಳದ ಗೊಂಚಲು ಇವೆಲ್ಲ ನಮ್ಮ ಸುತ್ತಲೇ ಇವೆ. ಸೆಪ್ಟೆಂಬರ್ 8ರ ಕನ್ಯಾಮರಿಯಮ್ಮನವರ ಜನ್ಮದಿನದ ತೆನೆಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳಲ್ಲಿ ಮಕ್ಕಳು ತಟ್ಟೆ ಬುಟ್ಟಿಗಳಲ್ಲಿ ಹೂ ತಂದು ಮಾತೆಗೆ ಅರ್ಪಿಸುವುದನ್ನು ಯಾರು ಕಂಡಿಲ್ಲ? ಮಳೆಗಾಲದ ಬೇಲಿಯಲ್ಲಿ ಅರಳಿದ ಆ ಹೂಗಳಿಗೆ ಯಾವ ಗುತ್ತಿಗೆದಾರನೂ ಬೆಲೆ ಕಟ್ಟಲಾರ. ಮಗು ಬೆಳಿಗ್ಗೆ ಬೇಗನೆದ್ದು, ನೆರೆಮನೆಯವರನ್ನು ಕೇಳಿ, ಒದ್ದೆಯಾಗುತ್ತ ಕೊಯ್ದು ತಂದ ಹೂವು ಅದು.

ದೇವರಿಗೆ ಶ್ರೇಷ್ಠವಾದದ್ದನ್ನೇ ಕೊಡಬೇಕು, ಇದರಲ್ಲಿ ಜಿಪುಣತನ ಸಲ್ಲದು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ಆದರೆ ಶ್ರೇಷ್ಠವಾದದ್ದು ಯಾವುದು? ಸೌಂದರ್ಯಕ್ಕೆ ಮೂರು ಲಕ್ಷಣಗಳಿರಬೇಕೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ: ಸಮಗ್ರತೆ, ಪ್ರಮಾಣಬದ್ಧತೆ ಮತ್ತು ಕಾಂತಿ. ಬೆಳ್ಳಿಬಣ್ಣ ಎರಚಿದ ಎಲೆ ತನ್ನ ಸಮಗ್ರತೆಯನ್ನು ಕಳೆದುಕೊಂಡಿರುತ್ತದೆ. ಬಲಿಪೀಠವನ್ನೇ ಮರೆಮಾಡುವ ಹೂವಿನ ಗೋಡೆಗೆ ಪ್ರಮಾಣವಿಲ್ಲ. ಕಾಂತಿಯಾದರೋ ವಸ್ತು ತಾನು ತಾನಾಗಿರುವಾಗ ಮಾತ್ರ ಹೊಮ್ಮುವಂಥದ್ದು. ಪವಿತ್ರ ಕಲೆಯಲ್ಲಿ ಬರಿಯ ಆಡಂಬರಕ್ಕಿಂತ ಉದಾತ್ತ ಸೌಂದರ್ಯವನ್ನು ಅರಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ತಿಳಿಸಿತು. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿಯ 305ನೆಯ ಪರಿಚ್ಛೇದ ಇನ್ನೂ ನಿರ್ದಿಷ್ಟವಾಗಿದೆ. ಹೂವಿನ ಅಲಂಕಾರ ಯಾವಾಗಲೂ ಮಿತವಾಗಿರಬೇಕು. ಬಲಿಪೀಠದ ಮೇಲಿಡುವುದಕ್ಕಿಂತ ಅದರ ಸುತ್ತಲೂ ಇಡಬೇಕು. ಆಗಮನ ಕಾಲದಲ್ಲಿ ಸಂಯಮವಿರಬೇಕು. ತಪಸ್ಸು ಕಾಲದಲ್ಲಿ ನಾಲ್ಕನೆಯ ಭಾನುವಾರ ಹಾಗೂ ಮಹೋತ್ಸವ, ಹಬ್ಬಗಳ ಹೊರತು ಬಲಿಪೀಠಕ್ಕೆ ಹೂವಿನ ಅಲಂಕಾರವೇ ಕೂಡದು. ಖಾಲಿ ಬಿಟ್ಟ ಬಲಿಪೀಠವೂ ಬೋಧಿಸುತ್ತದೆ ಎಂಬುದು ಇದರ ಇಂಗಿತವಲ್ಲವೆ?

ಅಲಂಕಾರವನ್ನೇ ವೃತ್ತಿಯಾಗಿಸಿಕೊಂಡವರ ಗತಿಯೇನು ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಅವರ ಕೆಲಸವನ್ನು ಯಾರೂ ಕಸಿಯಬೇಕಾಗಿಲ್ಲ. ಸಾಮಗ್ರಿ ಬದಲಾದರೆ ಸಾಕು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಹೂವಿನ ಸ್ಪಂಜನ್ನು ನಿಷೇಧಿಸಿದೆ. ಪ್ರಸಿದ್ಧ ಚೆಲ್ಸಿ ಪ್ರದರ್ಶನ ಅದರಿಂದ ನಿಂತುಹೋಗಲಿಲ್ಲ. ನಾವು ಕೇಳಿದರೆ ನಮ್ಮ ಊರಿನ ಅಲಂಕಾರಿಕರೂ ಖಂಡಿತ ಕಲಿಯುತ್ತಾರೆ. ಕೇಳಬೇಕಾದವರು ಮದುವೆ ಮಾಡಿಸುವ ಮನೆಯವರು, ಹಬ್ಬದ ಸಮಿತಿಯವರು, ನಮ್ಮಂಥ ಧರ್ಮಗುರುಗಳು.

ಇಲ್ಲಿ ಬಡ ಕುಟುಂಬಗಳ ಸಂಕಟವನ್ನೂ ಹೇಳಲೇಬೇಕು. ಒಂದು ಮದುವೆಯ ವೈಭವ ಮುಂದಿನ ಮದುವೆಗೆ ಅಳತೆಗೋಲಾಗುತ್ತದೆ. ಸಾಲ ಮಾಡಿ ಹೂವಿನ ಕಮಾನು ಕಟ್ಟಿಸಿದ ತಂದೆ, ಹೂವು ಬಾಡಿ ತಿಂಗಳುಗಳು ಕಳೆದರೂ ಬಡ್ಡಿ ಕಟ್ಟುತ್ತಿರುತ್ತಾನೆ. ನೆರೆಹೊರೆಯವರು ಹಿಂದಿನ ಸಂಜೆ ಕೂಡಿ ತೋರಣ ಕಟ್ಟಿದ ದೇವಾಲಯದಲ್ಲಿ ಯಾವ ಮದುಮಗಳೂ ಸಣ್ಣವಳೆನಿಸಿಕೊಳ್ಳುವುದಿಲ್ಲ.

1223ರಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಗ್ರೆಚ್ಚಿಯೊ ಎಂಬಲ್ಲಿ ಕ್ರಿಸ್ತಜಯಂತಿಯನ್ನು ಆಚರಿಸಿದಾಗ ಅವರು ಸಿದ್ಧಪಡಿಸಿದ್ದು ಹುಲ್ಲು ತುಂಬಿದ ಒಂದು ಗೋದಲಿಯನ್ನು. ಜೊತೆಗೆ ಒಂದು ಎತ್ತು, ಒಂದು ಕತ್ತೆ. ಇಂದಿಗೂ ನಮ್ಮ ಹಲವು ಮನೆಗಳಲ್ಲಿ ಗೋದಲಿಗಾಗಿ ಮುಂಚಿತವಾಗಿಯೇ ರಾಗಿ ಅಥವಾ ಭತ್ತ ಬಿತ್ತಿ ಹಸಿರು ಬೆಳೆಸುವುದಿದೆ. ಬಿದಿರಿನ ಸೀಳಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುವುದಿದೆ. ಈ ಕೈಗೆಲಸ ಒಂದು ತಲೆಮಾರಿನಲ್ಲಿ ನಿಂತರೆ ಮುಂದಿನ ತಲೆಮಾರಿಗೆ ಕಲಿಸುವವರಿರುವುದಿಲ್ಲ. ಸಿರಿ ಹೆಣೆಯಬಲ್ಲ ಅಜ್ಜಂದಿರು, ನಾರಿನಲ್ಲಿ ಹೂ ಕಟ್ಟಬಲ್ಲ ಅಜ್ಜಿಯಂದಿರು ನಮ್ಮ ನಡುವೆ ಇರುವಾಗಲೇ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸೋಣ.

ವಿಶ್ವಗುರು ಫ್ರಾನ್ಸಿಸ್ ಅವರು 2015ರಲ್ಲಿ ‘ಲೌದಾತೊ ಸೀ’ ವಿಶ್ವಪತ್ರದ ಮೂಲಕ ಬಳಸಿ ಬಿಸಾಡುವ ಸಂಸ್ಕೃತಿಯ ವಿರುದ್ಧ ಜಗತ್ತನ್ನು ಎಚ್ಚರಿಸಿದರು. ಆ ಎಚ್ಚರಿಕೆಯನ್ನು ಪ್ರಸಂಗಪೀಠದಿಂದ ಓದಿ, ಅದರ ಪಕ್ಕದಲ್ಲೇ ಸ್ಪಂಜಿನಲ್ಲಿ ಚುಚ್ಚಿದ ಹೂಗುಚ್ಛ ಇರಿಸುವುದು ಯಾರಿಗೂ ಶೋಭೆಯಲ್ಲ. ಮುಂದಿನ ಹಬ್ಬಕ್ಕೆ ಪ್ರತಿ ಧರ್ಮಕೇಂದ್ರವೂ ಒಂದೇ ಒಂದು ನಿಯಮವನ್ನು ಪಾಲಿಸಲಿ: ತೆಂಗಿನ ಬುಡಕ್ಕೆ ಹಾಕಲಾಗದ್ದನ್ನು, ತೊಳೆದು ಮತ್ತೆ ಬಳಸಲಾಗದ್ದನ್ನು ಅಲಂಕಾರಕ್ಕೆ ತರುವುದು ಬೇಡ. ಹಬ್ಬದ ಮರುದಿನ ಕಿರು ಕ್ರೈಸ್ತ ಸಮುದಾಯದವರು ಬಂದು ಬಾಡಿದ ಹೂವನ್ನು ತಮ್ಮ ಕೈಯಾರೆ ಗಿಡಗಳ ಬುಡಕ್ಕೆ ಹಾಕಲಿ. ಬರುವ ವರ್ಷ ಆ ಗಿಡಗಳಲ್ಲಿ ಅರಳುವ ಹೂವೇ ಬಲಿಪೀಠದ ಬಳಿಗೆ ಬರಲಿ.