ನಿಮಗಿದು ಗೊತ್ತೆ? ಇಲಿಯ ಭಯ ಕದಿಯುವ ಜೀವಿ, ನಮ್ಮ ಕಣ್ಣಲ್ಲೂ!

ಬೆಕ್ಕಿನ ವಾಸನೆ ಬಂದರೆ ಇಲಿ ಬಿಲ ಸೇರಬೇಕು ತಾನೆ? ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶ ಪರಾವಲಂಬಿ ಹೊಕ್ಕ ಇಲಿ ಅಷ್ಟಾಗಿ ಹೆದರುವುದಿಲ್ಲ. ಮಿದುಳಿನಲ್ಲಿ ಗೂಡು ಕಟ್ಟಿಕೊಂಡು ಈ ಜೀವಿ ಅದರ ಭಯವನ್ನೇ ಕುಗ್ಗಿಸುತ್ತದೆ. ಬೆಕ್ಕು ಇಲಿಯನ್ನು ತಿಂದರೆ ಪರಾವಲಂಬಿಗೆ ಹಬ್ಬ. ಅದರ ಗಂಡು-ಹೆಣ್ಣು ಕೂಡುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ.

1908ರಲ್ಲಿ ಟ್ಯುನಿಸ್‌ನಲ್ಲಿ ಶಾರ್ಲ್ ನಿಕೋಲ್ ಮತ್ತು ಲೂಯಿ ಮಾನ್ಸೊ ಎಂಬ ವಿಜ್ಞಾನಿಗಳು ಈ ಪರಾವಲಂಬಿಯನ್ನು ಕಂಡದ್ದು ‘ಗುಂಡಿ’ ಎಂಬ ದಂಶಕದಲ್ಲಿ. (ನಮ್ಮ ರಸ್ತೆಯ ಗುಂಡಿಗೂ ಇದಕ್ಕೂ ನಂಟಿಲ್ಲ!) ಬಿಲ್ಲಿನಂತೆ ಬಾಗಿದ ಆಕಾರದಿಂದಾಗಿ, ಗ್ರೀಕ್‌ನಲ್ಲಿ ಬಿಲ್ಲು ಎಂಬರ್ಥದ ‘ಟಾಕ್ಸೊ’ ಹೆಸರಿಗೆ ಸೇರಿತು.

ಮನುಷ್ಯರಿಗೆ ಇದು ಸರಿಯಾಗಿ ಬೇಯದ ಮಾಂಸದಿಂದ, ಬೆಕ್ಕಿನ ಮಲ ಬೆರೆತ ಮಣ್ಣು-ನೀರಿನಿಂದ ಬರುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಮಿದುಳು, ಸ್ನಾಯುಗಳಲ್ಲಿ ಅದು ಬದುಕಿನುದ್ದಕ್ಕೂ ಮಲಗಿರಬಲ್ಲದು. ಏಡ್ಸ್‌ನಂಥ ಕಾಯಿಲೆಯಲ್ಲಿ ರೋಗನಿರೋಧಕ ಶಕ್ತಿ ಕುಸಿದರೆ ಎಚ್ಚೆತ್ತು ಮಿದುಳಿನಲ್ಲಿ ಉರಿಯೂತ ಎಬ್ಬಿಸುತ್ತದೆ. ಕಣ್ಣಿನ ಅಕ್ಷಿಪಟಲಕ್ಕೆ ತಗುಲಿದರೆ ಕಲೆ ಉಳಿದು ದೃಷ್ಟಿ ಮಂಜಾಗಬಹುದು. ವರ್ಷಗಳ ನಂತರ ಅದೇ ಕಲೆಯ ಅಂಚಿನಲ್ಲಿ ಮತ್ತೆ ಕೆರಳುವುದೂ ಉಂಟು. ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ 2004ರ ಸುಮಾರಿಗೆ ಅನೇಕರಿಗೆ ಇಂಥ ಕಣ್ಣುಬೇನೆ ಒಟ್ಟಿಗೇ ಬಂದಾಗ, ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. ಬೆಕ್ಕಿನ ಮಲದೊಂದಿಗೆ ಹೊರಬರುವ ಪರಾವಲಂಬಿಯ ಅಂಡಕೋಶಗಳು (ಊಸಿಸ್ಟ್) ಮಾಮೂಲಿ ಕ್ಲೋರಿನ್‌ಗೆ ಬಗ್ಗುವುದಿಲ್ಲ. ನೀರು ಕುದಿಸಿದರೆ ಸಾಯುತ್ತವೆ.

ಹಾಗೆಂದು ಮನೆಯ ಬೆಕ್ಕನ್ನು ಓಡಿಸಬೇಕಿಲ್ಲ. ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದೆರಡು ವಾರ ಮಾತ್ರ ಅದು ಅಂಡಕೋಶಗಳನ್ನು ಹೊರಹಾಕುತ್ತದೆ. ಬಸುರಿಯರು ಮಾತ್ರ ಬೆಕ್ಕಿನ ಮಲ ಬಳಿಯುವ ಕೆಲಸವನ್ನು ಮನೆಯವರಿಗೆ ಬಿಡುವುದೇ ವಾಸಿ.